ಬರೆದು ಮುಗಿಯದ ನಾಟಕವನ್ನು ಜನರ ಮುಂದೆ ಓದಬಹುದೇ?

ಪ್ರಶ್ನೆ: ನಾನು ರಾಜಾಜಿನಗರದಲ್ಲಿರುವ ಪ್ರೌಢಶಾಲಾ ಶಿಕ್ಷಕಿ. ಮೂರು ವರ್ಷ ಕೂತು ಮೊದಲ ಬಾರಿಗೆ ಒಂದು ಪೂರ್ಣಾವಧಿ ನಾಟಕ ಬರೆದಿದ್ದೇನೆ. ಗಾಂಧಿ ಬಜಾರಿನ ಹತ್ತಿರ ನಲವತ್ತು ವರ್ಷ ನಡೆದ ಟೈಪಿಂಗ್ ಇನ್‌ಸ್ಟಿಟ್ಯೂಟ್ ಒಂದರ ಕಥೆ ಅದು. ಅದನ್ನು ನಡೆಸುತ್ತಿದ್ದ ತಂದೆ ತೀರಿಕೊಂಡ ಮೇಲೆ ಜಾಗವನ್ನು ಮಾರಬೇಕೋ ಬೇಡವೋ ಎಂದು ಅಕ್ಕತಂಗಿಯರಿಬ್ಬರು ಜಗಳವಾಡುತ್ತಾರೆ. ನಗರದ ರಂಗೋತ್ಸವವೊಂದು ಈ ನಾಟಕವನ್ನು ಹೊಸ ನಾಟಕಗಳ ವಿಭಾಗಕ್ಕೆ ಆರಿಸಿದೆ. ಒಬ್ಬ ನಿರ್ದೇಶಕರು, ಐದು ಜನ ನಟರು, ಹತ್ತು ಸಂಜೆಯ ತಾಲೀಮು, ಕೊನೆಗೆ ಸಾರ್ವಜನಿಕ ವಾಚನ, ಅದರ ಬೆನ್ನಿಗೇ ಪ್ರೇಕ್ಷಕರೊಂದಿಗೆ ಚರ್ಚೆ ಎಂಬುದು ಅವರ ವ್ಯವಸ್ಥೆ. ಇದೇ ಹೊತ್ತಿಗೆ ಪರಿಚಯದ ಹವ್ಯಾಸಿ ತಂಡವೊಂದು, ‘ವಾಚನ ಗೀಚನ ಯಾಕೆ, ನೇರವಾಗಿ ಕಲಾಕ್ಷೇತ್ರದಲ್ಲೇ ಪ್ರಯೋಗ ಮಾಡೋಣ’ ಎನ್ನುತ್ತಿದೆ. ಅರೆಬೆಂದ ನಾಟಕವನ್ನು ಜನರಿಗೆ ತೋರಿಸಿದರೆ ಅದರ ಹೊಸತನ ಹೋಗುತ್ತದೆ ಎಂದು ಹಿರಿಯರೊಬ್ಬರು ಎಚ್ಚರಿಸಿದ್ದಾರೆ. ತಾಲೀಮಿನಲ್ಲಿ ನಿರ್ದೇಶಕರೂ ನಟರೂ ಮಾತುಗಳನ್ನು ಬದಲಿಸಿದರೆ ನಾಟಕ ಯಾರದಾಗುತ್ತದೆ? ಚರ್ಚೆಯಲ್ಲಿ ಬರುವ ಸಲಹೆಗಳನ್ನೆಲ್ಲ ಒಪ್ಪಿಕೊಳ್ಳಬೇಕೇ? ಕೇಳಿದವರಲ್ಲಿ ಯಾರಾದರೂ ಕಥೆಯನ್ನು ಎತ್ತಿಕೊಂಡು ಧಾರಾವಾಹಿಯನ್ನೋ ಸಿನಿಮಾವನ್ನೋ ಮಾಡಿದರೆ ಏನು ಮಾಡಲಿ? ಮೊದಲ ದೃಶ್ಯದ ಹನ್ನೆರಡು ಪುಟಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಾದರೂ ಅವುಗಳ ಅಡಿಯಲ್ಲಿರುವ ಆತಂಕ ಒಂದೇ. ನಿಮ್ಮ ಕೈಯಲ್ಲೇ ಇನ್ನೂ ಪೂರ್ತಿ ಗಟ್ಟಿಯಾಗದ ನಾಟಕ ಹತ್ತು ಜನರ ಬಾಯಿಗೆ ಬಿದ್ದರೆ ಅದು ನಿಮ್ಮದಾಗಿ ಉಳಿಯುತ್ತದೆಯೇ ಎಂಬುದೇ ಆ ಆತಂಕ. ಇಪ್ಪತ್ತೆರಡು ವರ್ಷಗಳಿಂದ ಈ ನಗರದ ಹವ್ಯಾಸಿ ತಂಡಗಳಲ್ಲಿ ನಿರ್ದೇಶಕನಾಗಿಯೂ, ಹೊಸ ನಾಟಕಕಾರರ ಕರಡುಗಳ ಜೊತೆ ಕೂರುವವನಾಗಿಯೂ ಕೆಲಸ ಮಾಡಿರುವ ನನಗೆ ಈ ಆತಂಕ ಹೊಸದಲ್ಲ, ಅದು ಪೂರ್ತಿ ನಿರಾಧಾರವೂ ಅಲ್ಲ. ವಾಚನದಿಂದ ಕೆಟ್ಟ ನಾಟಕಗಳನ್ನು ನಾನು ಕಂಡಿದ್ದೇನೆ. ಆದರೆ ಅವು ಕೆಟ್ಟದ್ದು ಜನ ಮೊದಲೇ ಕೇಳಿಬಿಟ್ಟರು ಎಂಬ ಕಾರಣಕ್ಕಲ್ಲ. ವಾಚನವನ್ನು ಅದರಿಂದ ಆಗದ ಕೆಲಸಕ್ಕೆ ಬಳಸಿದ್ದರಿಂದ ಅವು ಕೆಟ್ಟವು.

ಮೊದಲು ಹೊಸತನ ಹೋಗುತ್ತದೆ ಎಂಬ ಮಾತನ್ನು ನೋಡೋಣ. ಪ್ರಯೋಗಕ್ಕೆ ಮುಂಚೆ ನಾಟಕ ಕಿವಿಗೆ ಬೀಳುವುದು ನಮ್ಮಲ್ಲಿ ಎಂದೂ ಅಪಚಾರವಾಗಿರಲಿಲ್ಲ. ಟಿ.ಪಿ. ಕೈಲಾಸಂ ಅವರು ಇಡೀ ನಾಟಕವನ್ನು ಎಲ್ಲ ಪಾತ್ರಗಳ ದನಿಯಲ್ಲಿ ತಾವೊಬ್ಬರೇ ಗೆಳೆಯರ ಮುಂದೆ ಹೇಳುತ್ತಿದ್ದರು, ಅವರು ಹೇಳುತ್ತಾ ಹೋದದ್ದನ್ನು ಬೇರೆಯವರು ಬರೆದುಕೊಂಡದ್ದರಿಂದಲೇ ಹಲವು ನಾಟಕಗಳು ಕಾಗದದ ಮೇಲೆ ಉಳಿದವು. ಕರಾವಳಿಯ ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದಕ್ಕೆ ಅರ್ಥಧಾರಿಗಳು ಕುಳಿತಲ್ಲಿಂದಲೇ ಮಾತು ಕಟ್ಟುತ್ತಾರೆ, ನೂರು ಸಲ ಕೇಳಿದ ಪ್ರಸಂಗವನ್ನು ಜನ ಮತ್ತೆ ಇರುಳೆಲ್ಲ ಕೂತು ಕೇಳುತ್ತಾರೆ. ಕಥೆ ಗೊತ್ತಾದ ಮಾತ್ರಕ್ಕೆ ಆಟದ ರುಚಿ ಕೆಡುವುದಾದರೆ ತಾಳಮದ್ದಳೆ ಎಂದೋ ನಿಂತುಹೋಗಬೇಕಿತ್ತು.

ಈಗ ನಿಮ್ಮನ್ನು ಆರಿಸಿರುವ ಉತ್ಸವದ ಪದ್ಧತಿ, ಅಂದರೆ ಕೆಲವೇ ದಿನ ತಾಲೀಮು ಮಾಡಿ ನಟರು ಕೈಯಲ್ಲಿ ಹಸ್ತಪ್ರತಿ ಹಿಡಿದೇ ಪ್ರೇಕ್ಷಕರ ಮುಂದೆ ನಿಲ್ಲುವ ಕ್ರಮ, ಹೆಚ್ಚು ಹೆಸರು ಮಾಡಿದ್ದು ಅಮೆರಿಕದ ಕನೆಕ್ಟಿಕಟ್‌ನಲ್ಲಿ 1964ರಲ್ಲಿ ಶುರುವಾದ ಯೂಜೀನ್ ಓನೀಲ್ ಥಿಯೇಟರ್ ಸೆಂಟರ್‌ನಿಂದ. ಅಲ್ಲಿನ ನಾಟಕಕಾರರ ಸಮ್ಮೇಳನದಲ್ಲಿ ರಂಗಸಜ್ಜಿಕೆ, ವೇಷಭೂಷಣಗಳ ಹೊರೆಯನ್ನು ಬೇಕೆಂದೇ ಕಳಚಿ, ಬರವಣಿಗೆಯೊಂದನ್ನೇ ಕಿವಿಗೊಟ್ಟು ಕೇಳುವ ಏರ್ಪಾಡು ಮಾಡಿದರು. ಅಮೆರಿಕದ ನಾಟಕಕಾರ ಆಗಸ್ಟ್ ವಿಲ್ಸನ್ ಅವರಿಗೆ ಹೆಸರು ತಂದ ಮೊದಲ ನಾಟಕವನ್ನು ಅಲ್ಲಿ ಓದಿದ್ದು 1982ರಲ್ಲಿ, ಅದು ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರವನ್ನು ಮುಟ್ಟಿದ್ದು 1984ರಲ್ಲಿ. ನಡುವಿನ ಎರಡು ವರ್ಷಗಳನ್ನು ಗಮನಿಸಿ. ವಾಚನ ಮುಗಿದ ಮರುದಿನವೇ ನಾಟಕ ಸಿದ್ಧವಾಯಿತು ಎಂದು ಅಲ್ಲಿ ಯಾರೂ ಭಾವಿಸಲಿಲ್ಲ. ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರವೂ 1957ರಿಂದ ಭಾನುವಾರದ ಸಂಜೆಗಳಲ್ಲಿ ರಂಗಸಜ್ಜಿಕೆಯಿಲ್ಲದೆ ಹೊಸ ನಾಟಕಗಳನ್ನು ಪರೀಕ್ಷಿಸಿತು. ಅದೇ ಸಂಸ್ಥೆ ಮುಂಬೈನ ರೇಜ್ ತಂಡದ ಜೊತೆಗೂಡಿ ನಮ್ಮ ದೇಶದ ಬರಹಗಾರರೊಂದಿಗೆ ಕಮ್ಮಟಗಳನ್ನು ನಡೆಸಿದ್ದರ ಫಲವಾಗಿ 2004ರಲ್ಲಿ ರೈಟರ್ಸ್ ಬ್ಲಾಕ್ ಎಂಬ ಹೊಸ ನಾಟಕಗಳ ಉತ್ಸವ ನಡೆಯಿತು. ಆದ್ದರಿಂದ ನಿಮ್ಮ ಹಿರಿಯರ ಎಚ್ಚರಿಕೆಯಲ್ಲಿ ಕಳಕಳಿ ಇದೆ, ಆದರೆ ಅನುಭವ ಅದರ ಕಡೆಗಿಲ್ಲ.

ವಾಚನ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು ತಿಳಿದುಕೊಂಡು ಒಳಗೆ ಹೋಗುವುದು ಇದಕ್ಕಿಂತ ಮುಖ್ಯ. ಬರೆಯುವಾಗ ನಿಮ್ಮ ತಲೆಯೊಳಗೆ ಮಾತನಾಡುವ ಅಕ್ಕನೂ ತಂಗಿಯೂ ಇಬ್ಬರೂ ನೀವೇ, ಅವರ ಮನಸ್ಸಿನಲ್ಲಿರುವುದು ನಿಮಗೆ ಮೊದಲೇ ಗೊತ್ತು. ಹಾಗಾಗಿ ಮಾತಿನಲ್ಲಿ ಇಲ್ಲದ್ದನ್ನೂ ನೀವು ಓದಿಕೊಳ್ಳುತ್ತೀರಿ. ನಟರಿಗೆ ಆ ಅನುಕೂಲವಿಲ್ಲ. ಅವರು ಕಾಗದದ ಮೇಲೆ ಇರುವುದನ್ನಷ್ಟೇ ಬಾಯಲ್ಲಿ ಇಟ್ಟುಕೊಳ್ಳಬಲ್ಲರು, ಅದು ಜೀರ್ಣವಾಗದಿದ್ದರೆ ತಡವರಿಸುತ್ತಾರೆ. ಒಬ್ಬ ಒಳ್ಳೆಯ ನಟಿ ಮೂರು ಸಂಜೆಯೂ ಒಂದೇ ಪದದ ಹತ್ತಿರ ತಡವರಿಸಿದರೆ, ತೊಂದರೆ ಹೆಚ್ಚಾಗಿ ಆ ಪದದಲ್ಲಿರುವುದಿಲ್ಲ, ಅದಕ್ಕಿಂತ ಅರ್ಧ ಪುಟ ಮೇಲಿರುತ್ತದೆ.

ನಿಮ್ಮ ಮೊದಲ ದೃಶ್ಯದಿಂದಲೇ ಉದಾಹರಣೆ ತೆಗೆದುಕೊಳ್ಳುತ್ತೇನೆ. ಐದನೆಯ ಪುಟದಲ್ಲಿ ಅಕ್ಕ, ‘ಅಪ್ಪನ ಮೆಷಿನ್‌ಗಳನ್ನ ಗುಜರಿಗೆ ನಾನು ಯಾವತ್ತೂ…’ ಎನ್ನುತ್ತಿರುವಾಗ ತಂಗಿ ಅಡ್ಡ ಬಾಯಿ ಹಾಕಿ, ‘ನಿನ್ನ ಯಾರು ಕೇಳಿದ್ರು?’ ಎನ್ನುತ್ತಾಳೆ. ಪುಟದ ಮೇಲೆ ಇದು ಚೆನ್ನಾಗಿದೆ, ಏಕೆಂದರೆ ‘ಹಾಕಲ್ಲ’ ಎಂಬ ಪದವನ್ನು ಓದುವ ಕಣ್ಣೇ ತುಂಬಿಕೊಳ್ಳುತ್ತದೆ. ಆದರೆ ಸಭಾಂಗಣದಲ್ಲಿ, ಇವಳು ಅಕ್ಕನೋ ತಂಗಿಯೋ ಎಂಬುದೇ ಇನ್ನೂ ಸರಿಯಾಗಿ ಗೊತ್ತಾಗದ ಐದನೆಯ ನಿಮಿಷದಲ್ಲಿ, ಆ ತುಂಡಾದ ಮಾತು ಏನನ್ನೂ ಹೇಳುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಬೇಕು ಬೇಡ ಎಂಬುದೂ ಆ ಕೊನೆಯಲ್ಲೇ ಅಡಗಿರುತ್ತದೆ. ಮಾತನ್ನು ನಡುವೆ ಕತ್ತರಿಸಿದರೆ ತಿರುಳೇ ಕತ್ತರಿಸಿಹೋಗುತ್ತದೆ. ನಾವು ಮನೆಯಲ್ಲಿ ಜಗಳವಾಡುವಾಗ ಇದನ್ನು ಅರಿಯದೆಯೇ ಸರಿಪಡಿಸಿಕೊಳ್ಳುತ್ತೇವೆ. ‘ಹಾಕಲ್ಲ ನಾನು, ಅಪ್ಪನ ಮೆಷಿನ್‌ಗಳನ್ನ ಗುಜರಿಗೆ…’ ಎಂದು ಕ್ರಿಯಾಪದವನ್ನು ಮುಂದಕ್ಕೆ ಎಳೆದುಕೊಳ್ಳುತ್ತೇವೆ. ಹೀಗೆ ಬರೆದರೆ ತಂಗಿ ಎಲ್ಲಿ ಬೇಕಾದರೂ ಅಡ್ಡ ಬರಬಹುದು, ಅಕ್ಕನ ಹಟ ಆಗಲೇ ಪ್ರೇಕ್ಷಕರ ಕಿವಿ ಸೇರಿರುತ್ತದೆ. ಇಂಥದ್ದನ್ನು ನಾನು ಪತ್ರದಲ್ಲಿ ಒಂದು ಕಡೆ ತೋರಿಸಬಲ್ಲೆ. ಇಬ್ಬರು ನಟಿಯರು ಎದುರುಬದುರು ಕೂತು ಓದಿದರೆ ಮೊದಲ ಸಂಜೆಯೇ ಇಪ್ಪತ್ತು ಕಡೆ ನಿಮಗೇ ಕೇಳಿಸುತ್ತದೆ.

ಭಾಷೆಯ ಇನ್ನೊಂದು ಸಂಗತಿ ಬೆಂಗಳೂರಿನ ತಾಲೀಮುಗಳಲ್ಲಿ ತಪ್ಪದೆ ಎದುರಾಗುತ್ತದೆ. ಐದು ಜನ ನಟರಲ್ಲಿ ಒಬ್ಬರು ಹುಬ್ಬಳ್ಳಿಯವರು, ಒಬ್ಬರು ಮಂಗಳೂರಿನವರು, ಒಬ್ಬರು ಮನೆಯಲ್ಲಿ ತೆಲುಗು ಮಾತನಾಡುವವರು ಇರುವುದು ಇಲ್ಲಿ ಸಾಮಾನ್ಯ. ನೀವು ಬರೆದಿರುವುದು ಬಸವನಗುಡಿ ಕಡೆಯ ಹಳೆಯ ಬೆಂಗಳೂರಿನ ಮಾತು. ನಾನು ಕೆಲಸ ಮಾಡಿದ ಒಂದು ನಾಟಕದಲ್ಲಿ ಸೊಸೆಯ ಪಾತ್ರವನ್ನು ಧಾರವಾಡದ ನಟಿಯೊಬ್ಬರು ಓದುತ್ತಿದ್ದರು. ಎರಡನೆಯ ಸಂಜೆ, ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ‘ಏನ್ ಮಾಡೋದು ಅತ್ತೆ’ ಎಂದು ಬರೆದಿದ್ದ ಸಾಲನ್ನು ಅವರು ತಮಗರಿವಿಲ್ಲದೆ ‘ಏನ್ ಮಾಡೂದ್ರಿ ಅತ್ತಿ’ ಎಂದುಬಿಟ್ಟರು. ಕೋಣೆಯಲ್ಲಿದ್ದ ನಾವೆಲ್ಲ ತಲೆಯೆತ್ತಿದೆವು. ಆ ಸೊಸೆ ಬೇರೆ ಊರಿನಿಂದ ಬಂದು ಈ ಮನೆಯಲ್ಲಿ ಹನ್ನೊಂದು ವರ್ಷ ತನ್ನ ಮಾತನ್ನೇ ನುಂಗಿಕೊಂಡಿದ್ದಾಳೆ, ಕಷ್ಟ ಬಂದಾಗ ಮಾತ್ರ ತವರಿನ ಮಾತು ಹೊರಗೆ ಬರುತ್ತದೆ ಎಂಬ ಒಂದು ಇಡೀ ಎಳೆ ಆ ಒಂದು ಸಾಲಿನಿಂದ ನಾಟಕಕಾರರಿಗೆ ಸಿಕ್ಕಿತು. ಆ ರಾತ್ರಿ ಅವರು ಮನೆಗೆ ಹೋಗಿ ಮೂರು ದೃಶ್ಯಗಳನ್ನು ತಿದ್ದಿದರು. ಆದರೆ ಅದೇ ನಾಟಕದಲ್ಲಿ ಇನ್ನೊಬ್ಬ ನಟ ತನಗೆ ಸಲೀಸಾಗಲೆಂದು ಮುದುಕನ ಮಾತನ್ನೆಲ್ಲ ಇಂದಿನ ಹುಡುಗರ ಮಾತಿಗೆ ತಿರುಗಿಸಿಕೊಂಡಿದ್ದ. ಅದು ಕೇಳಲು ಹಿತವಾಗಿತ್ತು, ಆದರೆ ಆ ಪಾತ್ರದ ವಯಸ್ಸು ಮೂವತ್ತು ವರ್ಷ ಇಳಿದುಹೋಗಿತ್ತು. ಎರಡೂ ನಟರ ಬಾಯಿಂದ ಬಂದ ಬದಲಾವಣೆಗಳೇ. ಒಂದು ನಾಟಕಕ್ಕೆ ಬೇಕಾಗಿತ್ತು, ಇನ್ನೊಂದು ನಟನಿಗೆ ಬೇಕಾಗಿತ್ತು. ಈ ವ್ಯತ್ಯಾಸವನ್ನು ಗುರುತಿಸುವ ಕೆಲಸವನ್ನು ನೀವು ಬೇರೆ ಯಾರಿಗೂ ಒಪ್ಪಿಸಬಾರದು.

ಇನ್ನು ವಾಚನದಿಂದ ತಿಳಿಯದ ಸಂಗತಿಗಳು. ನಿಮ್ಮ ನಾಟಕ ಶುರುವಾಗುವುದೇ ಮಾತಿಲ್ಲದೆ. ತಂಗಿ ಏಳು ಟೈಪ್‌ರೈಟರ್‌ಗಳ ಮೇಲಿನ ರೆಕ್ಸಿನ್ ಹೊದಿಕೆಗಳನ್ನು ಒಂದೊಂದಾಗಿ ತೆಗೆಯುತ್ತಾಳೆ, ಕೊನೆಯ ಮೆಷಿನ್ನಿನಲ್ಲಿ ಅರ್ಧ ಟೈಪಾದ ಹಾಳೆಯೊಂದು ಹಾಗೆಯೇ ಉಳಿದಿರುತ್ತದೆ. ನಾಟಕದ ಜೀವವೇ ಅಲ್ಲಿದೆ ಎಂದು ನನಗೆ ಅನ್ನಿಸಿತು. ವಾಚನದಲ್ಲಿ ಇದೆಲ್ಲ ಒಬ್ಬರು ಗಟ್ಟಿಯಾಗಿ ಓದುವ ನಾಲ್ಕು ಸಾಲಿನ ರಂಗಸೂಚನೆಯಾಗುತ್ತದೆ, ಮೂರು ನಿಮಿಷದ ಮೌನ ಇಪ್ಪತ್ತು ಸೆಕೆಂಡಿಗೆ ಇಳಿಯುತ್ತದೆ. ಕೇಳುಗರಿಗೆ ಅದು ತಟ್ಟದಿದ್ದರೆ ಆಶ್ಚರ್ಯವಿಲ್ಲ. ಆಗ ಯಾರಾದರೂ, ‘ಶುರು ಸ್ವಲ್ಪ ಸಪ್ಪೆ, ಅಲ್ಲೊಂದು ಸ್ವಗತ ಹಾಕಿ’ ಎಂದು ಹೇಳುವುದು ಬಹುತೇಕ ಖಂಡಿತ. ದಯವಿಟ್ಟು ಹಾಕಬೇಡಿ. ಮಾತು ಹೆಚ್ಚಿರುವ, ನಗೆ ಹೆಚ್ಚಿರುವ ನಾಟಕಗಳು ವಾಚನದಲ್ಲಿ ಸುಲಭವಾಗಿ ಗೆಲ್ಲುತ್ತವೆ. ಮೌನ, ವಸ್ತು, ದೇಹಗಳ ಮೇಲೆ ನಿಂತ ನಾಟಕಗಳು ಅಲ್ಲಿ ಬಡವಾಗಿ ಕಾಣುತ್ತವೆ. ಈ ಒಲವು ವಾಚನ ಎಂಬ ರೂಪಕ್ಕೆ ಅಂಟಿಕೊಂಡೇ ಬಂದಿದೆ. ಇದನ್ನು ಅರಿಯದೆ ವಾಚನದಿಂದ ವಾಚನಕ್ಕೆ ತಿದ್ದುತ್ತಾ ಹೋದ ನಾಟಕ ಕೊನೆಗೆ ಕುರ್ಚಿಗಳ ಮೇಲೆ ಕುಳಿತು ಆಡುವ ನಾಟಕವಾಗಿಯೇ ಉಳಿಯುತ್ತದೆ. ರಂಗಸೂಚನೆ ಓದುವ ಕೆಲಸವನ್ನು ಬಿಡುವಾಗಿದ್ದಾರೆ ಎಂದು ಯಾರಿಗಾದರೂ ಕೊಡದೆ, ನಿಧಾನವಾಗಿ ಓದಬಲ್ಲ ಒಬ್ಬ ಒಳ್ಳೆಯ ನಟರಿಗೆ ಕೊಡಿಸಿ. ಸಾಧ್ಯವಾದರೆ ಒಂದೇ ಒಂದು ನಿಜವಾದ ಟೈಪ್‌ರೈಟರನ್ನು ಮೇಜಿನ ಮೇಲೆ ಇಡಿಸಿ, ಆ ಸದ್ದು ಬೇಕಾದಲ್ಲಿ ನಿಜವಾಗಿಯೇ ಕೇಳಿಸಲಿ. ಹೆಚ್ಚಿನ ಸಲಕರಣೆ ಬೇಡ.

ಹತ್ತು ಸಂಜೆ ಎಂದರೆ ದಿನಕ್ಕೆ ಮೂರು ಗಂಟೆಯಂತೆ ಮೂವತ್ತು ಗಂಟೆ. ನಟರೆಲ್ಲ ಹಗಲು ಬೇರೆ ಕೆಲಸ ಮಾಡಿ ಟ್ರಾಫಿಕ್ಕಿನಲ್ಲಿ ಬರುವವರಾದ್ದರಿಂದ ಕೈಗೆ ಸಿಗುವುದು ಇಪ್ಪತ್ತೈದು ಗಂಟೆ ಎಂದುಕೊಳ್ಳಿ. ಇಷ್ಟರಲ್ಲಿ ಬ್ಲಾಕಿಂಗ್, ಅಂದರೆ ರಂಗದ ಮೇಲೆ ಯಾರು ಎಲ್ಲಿ ನಿಲ್ಲಬೇಕು, ಹೇಗೆ ಚಲಿಸಬೇಕು ಎಂಬ ನಿಗದಿ, ಮಾಡಲು ಹೊರಡುವ ನಿರ್ದೇಶಕರು ನಿಮ್ಮ ಸಮಯವನ್ನು ಕಳೆಯುತ್ತಾರೆ. ಎಂಟ್ರಿ, ಎಕ್ಸಿಟ್, ಬೆಳಕಿನ ಕ್ಯೂಗಳ ಚರ್ಚೆ ಶುರುವಾದ ಕೂಡಲೇ ಕೋಣೆಯ ಗಮನ ಬರವಣಿಗೆಯಿಂದ ಜಾರಿಹೋಗುತ್ತದೆ. ಮೊದಲ ಎರಡು ಸಂಜೆ ಎಲ್ಲಿಯೂ ನಿಲ್ಲಿಸದೆ ಪೂರ್ತಿ ಓದಿಸಿ, ಎರಡನೆಯ ಸಂಜೆ ನೀವು ಗಡಿಯಾರ ಹಿಡಿದು ಪ್ರತಿ ದೃಶ್ಯದ ಸಮಯವನ್ನು ಬರೆದುಕೊಳ್ಳಿ. ಪುಟಕ್ಕೊಂದು ನಿಮಿಷ ಎಂಬ ಲೆಕ್ಕವನ್ನು ನಂಬಬೇಡಿ, ಅಕ್ಷರದ ಗಾತ್ರಕ್ಕೂ ಮಾತಿನ ಓಟಕ್ಕೂ ತಕ್ಕಂತೆ ಅದು ಎತ್ತೆತ್ತಲೋ ಹೋಗುತ್ತದೆ. ನಡುವಿನ ಐದು ಸಂಜೆ ದೃಶ್ಯ ದೃಶ್ಯವಾಗಿ ನಿಲ್ಲಿಸಿ ಕೇಳುವುದಕ್ಕೆ, ನೀವು ರಾತ್ರಿ ತಿದ್ದಿ ಮರುದಿನ ಹೊಸ ಪುಟ ತರುವುದಕ್ಕೆ ಇರಲಿ. ಹೊಸ ಪುಟಗಳನ್ನು ಪ್ರತಿದಿನ ಬೇರೆ ಬಣ್ಣದ ಕಾಗದದ ಮೇಲೆ ಪ್ರಿಂಟ್ ತೆಗೆದು, ಮೂಲೆಯಲ್ಲಿ ದಿನಾಂಕ ಹಾಕಿ ಹಂಚಿದರೆ, ಒಬ್ಬರು ಹಳೆಯ ಸಾಲು ಓದಿ ಇನ್ನೊಬ್ಬರು ಹೊಸ ಉತ್ತರ ಕೊಡುವ ಗೊಂದಲ ತಪ್ಪುತ್ತದೆ. ಎಂಟನೆಯ ಸಂಜೆಗೆ ತಿದ್ದುವುದನ್ನು ನಿಲ್ಲಿಸಿ. ಆಮೇಲೆ ಎಷ್ಟು ಒಳ್ಳೆಯ ಸಾಲು ಹೊಳೆದರೂ ಅದನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಸರಿಯಾಗಿ ಓದಿಕೊಳ್ಳದ ಹೊಸ ಸಾಲು ಬಿದ್ದಾಗ, ತಪ್ಪು ಸಾಲಿನದೋ ಓದಿನದೋ ಎಂದು ನಿಮಗೆ ಗೊತ್ತಾಗುವುದಿಲ್ಲ.

ನಿರ್ದೇಶಕರು ಮಾತು ಬದಲಿಸಿದರೆ ನಾಟಕ ಯಾರದು ಎಂಬ ಪ್ರಶ್ನೆಗೆ ಕೋಣೆಯೊಳಗಿನ ಉತ್ತರ ಒಂದು, ಕಾನೂನಿನ ಉತ್ತರ ಇನ್ನೊಂದು. ಕೋಣೆಯೊಳಗೆ ನಾನು ಪಾಲಿಸಿಕೊಂಡು ಬಂದಿರುವ ನಿಯಮ ಸರಳವಾದದ್ದು. ಯಾರು ಬೇಕಾದರೂ ‘ಇಲ್ಲಿ ನನಗೆ ತೊಡಕಾಗುತ್ತಿದೆ’ ಎನ್ನಬಹುದು, ಆದರೆ ಬದಲಿ ಸಾಲನ್ನು ಬರೆಯುವವರು ನಾಟಕಕಾರರು ಮಾತ್ರ. ತೊಡಕು ನಿಜವಾದದ್ದೇ ಇರಬಹುದು, ಅವರು ಸೂಚಿಸುವ ಪರಿಹಾರ ಬಹುಪಾಲು ಅವರು ಹಿಂದೆ ಮಾಡಿದ ಇನ್ಯಾವುದೋ ನಾಟಕದ್ದಾಗಿರುತ್ತದೆ. ಇದನ್ನು ಮೊದಲ ಸಂಜೆಯೇ ನಿರ್ದೇಶಕರ ಜೊತೆ ಬೇರೆಯಾಗಿ ಕೂತು, ಮೆತ್ತಗೆ, ಆದರೆ ಸ್ಪಷ್ಟವಾಗಿ ಮಾತಾಡಿಕೊಳ್ಳಿ. ‘ಸರ್ ಹಿರಿಯರು, ಹೇಗೆ ಹೇಳಲಿ’ ಎಂಬ ಸಂಕೋಚದಿಂದ ಐದನೆಯ ದಿನದವರೆಗೆ ಸುಮ್ಮನಿದ್ದು ಆಮೇಲೆ ಮುನಿಸಿಕೊಂಡ ಹೊಸ ಬರಹಗಾರರನ್ನು ನಾನು ಬಹಳ ನೋಡಿದ್ದೇನೆ. ಅದರಿಂದ ಇಬ್ಬರಿಗೂ ನೋವು.

ಕಾನೂನು ನಿಮ್ಮ ಪರವಾಗಿ ಸಾಕಷ್ಟು ಗಟ್ಟಿಯಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನಾಟಕ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ನಿಮ್ಮ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಅದು ಉಳಿಯುತ್ತದೆ. ತಾಲೀಮಿನಲ್ಲಿ ಸಲಹೆ ಕೊಟ್ಟವರೆಲ್ಲ ಸಹಲೇಖಕರಾಗುವುದಿಲ್ಲ. ಇಬ್ಬರ ಕೊಡುಗೆಯನ್ನು ಬಿಡಿಸಿ ನೋಡಲಾಗದಂತೆ ಒಟ್ಟಿಗೆ ಕೂತು ರಚಿಸಿದಾಗ ಮಾತ್ರ ಜಂಟಿ ಕರ್ತೃತ್ವದ ಮಾತು ಬರುತ್ತದೆ. ಹಾಗಾಗಿಯೇ ದಿನಾಂಕ ಹಾಕಿದ ಕರಡುಗಳನ್ನು ಎಸೆಯದೆ ಇಟ್ಟುಕೊಳ್ಳಿ ಎನ್ನುವುದು. ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ನಿಮ್ಮ ಸಹಿ ಇದ್ದರಷ್ಟೇ ಸಿಂಧು. ಅವಧಿ ಬರೆಯದೆ ಸಹಿ ಮಾಡಿದ್ದರೆ ಅದನ್ನು ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಇಡೀ ಭಾರತ ಎಂದೂ ಕಾಯಿದೆ ಹಿಡಿಯುತ್ತದೆ. ಆದ್ದರಿಂದ ಉತ್ಸವದವರು ಕೊಡುವ ಒಪ್ಪಂದದ ಹಾಳೆಯಲ್ಲಿ ‘ಈ ಒಂದು ವಾಚನಕ್ಕೆ ಮಾತ್ರ’ ಎಂಬ ಮಾತು ಇದೆಯೇ, ವಿಡಿಯೊ ಮಾಡಿ ಹಂಚುವ ಅನುಮತಿ ಕೇಳಿದ್ದಾರೆಯೇ, ಮೊದಲ ಪ್ರಯೋಗದ ಹಕ್ಕನ್ನು ತಮ್ಮಲ್ಲಿ ಕಾಯ್ದಿರಿಸಿಕೊಂಡಿದ್ದಾರೆಯೇ ಎಂಬ ಮೂರನ್ನು ನೋಡಿ ಸಹಿ ಹಾಕಿ. ಮೂರನೆಯದು ಇದ್ದರೆ ಅದಕ್ಕೊಂದು ಕೊನೆಯ ದಿನಾಂಕ ಹಾಕಿಸಿ.

ಕಳ್ಳತನದ ಭಯದ ಬಗ್ಗೆ ನಿಮಗೆ ಹಿತವಾಗದ ಒಂದು ಸತ್ಯವನ್ನೂ ಹೇಳಬೇಕು. ಕಾನೂನು ನಿಮ್ಮ ಬರವಣಿಗೆಯನ್ನು ಕಾಯುತ್ತದೆ, ನಿಮ್ಮ ಕಥಾವಸ್ತುವನ್ನು ಕಾಯುವುದಿಲ್ಲ. ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ ನಾಟಕವನ್ನೇ ಸಿನಿಮಾ ಮಾಡಿದ್ದಾರೆ ಎಂದು ಡಿಲಕ್ಸ್ ಫಿಲಮ್ಸ್ ವಿರುದ್ಧ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಲೋಚನೆ, ವಿಷಯ, ಕಥಾವಸ್ತುಗಳಿಗೆ ಕೃತಿಸ್ವಾಮ್ಯವಿಲ್ಲ, ಅವುಗಳ ಅಭಿವ್ಯಕ್ತಿಗೆ ಮಾತ್ರ ಇದೆ ಎಂದು 1978ರಲ್ಲಿ ತೀರ್ಪು ಬಂತು, ನಾಟಕಕಾರರು ಸೋತರು. ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚುವ ಅಕ್ಕತಂಗಿಯರ ಕಥೆಯನ್ನು ನಾಳೆ ಇನ್ನೊಬ್ಬರು ತಮ್ಮದೇ ರೀತಿಯಲ್ಲಿ ಬರೆದರೆ ನೀವು ತಡೆಯಲಾರಿರಿ. ನಿಮ್ಮ ದೃಶ್ಯಗಳ ಜೋಡಣೆ, ಪಾತ್ರಗಳು, ಮಾತುಗಳನ್ನೇ ಎತ್ತಿಕೊಂಡರೆ ಖಂಡಿತ ತಡೆಯಬಹುದು. ಮನಸ್ಸಿಗೆ ನೆಮ್ಮದಿ ಬೇಕಿದ್ದರೆ ತಾಲೀಮಿಗೆ ಮುಂಚೆಯೇ ನೋಂದಣಿಗೆ ಅರ್ಜಿ ಹಾಕಿ, ಅದು ನ್ಯಾಯಾಲಯದಲ್ಲಿ ಮೇಲುನೋಟದ ಪುರಾವೆಯಾಗಿ ನಿಲ್ಲುತ್ತದೆ. ನನ್ನ ಅನುಭವದಲ್ಲಿ, ಸಾರ್ವಜನಿಕ ವಾಚನಕ್ಕಿಂತ, ಗುರುತು ಪರಿಚಯ ಅಷ್ಟಾಗಿ ಇಲ್ಲದವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪಿಡಿಎಫ್‌ಗಳೇ ಹೆಚ್ಚು ತಲೆನೋವು ತಂದಿವೆ. ವಾಚನಕ್ಕೆ ನೂರು ಜನ ಸಾಕ್ಷಿಗಳಾದರೂ ಇರುತ್ತಾರೆ.

ವಾಚನದ ಸಂಜೆ ನೀವು ಮೊದಲ ಸಾಲಿನಲ್ಲಿ ಕೂರಬೇಡಿ. ಒಂದು ಬದಿಯಲ್ಲಿ, ಪ್ರೇಕ್ಷಕರ ಮುಖ ಕಾಣುವಂತೆ ಕೂತು, ಹಸ್ತಪ್ರತಿಯ ಅಂಚಿನಲ್ಲಿ ಗುರುತು ಹಾಕುತ್ತಾ ಹೋಗಿ. ನಾನು ಹೀಗೆ ಕೂತು ಗುರುತು ಹಾಕಿದ ಒಂದು ಹಸ್ತಪ್ರತಿ ಇನ್ನೂ ನನ್ನ ಬಳಿ ಇದೆ. 31ನೆಯ ಪುಟದಲ್ಲಿ ‘ಕೆಮ್ಮು, ಕೆಮ್ಮು’ ಎಂದಿದೆ, 33ರಲ್ಲಿ ‘ಮೂರು ಮೊಬೈಲ್ ಬೆಳಕು’, 38ರಲ್ಲಿ ‘ಕುರ್ಚಿಗಳ ಸದ್ದು’. 41ರಲ್ಲಿ, ನಾವು ಯಾರೂ ತಮಾಷೆ ಎಂದುಕೊಳ್ಳದ ಸಾಲಿನ ಎದುರು, ‘ಇಡೀ ಸಭೆ ನಕ್ಕಿತು’. 44ರಿಂದ 52ರವರೆಗೆ ಅಂಚು ಖಾಲಿ, ಏಕೆಂದರೆ ಯಾರೂ ಅಲುಗಾಡಲಿಲ್ಲ. ಚರ್ಚೆಯಲ್ಲಿ ಆ ಮೂವತ್ತರ ಪುಟಗಳ ಬಗ್ಗೆ ಒಬ್ಬರೂ ಮಾತಾಡಲಿಲ್ಲ, ಎಲ್ಲರೂ ಮಾತಾಡಿದ್ದು ಕೊನೆಯ ದೃಶ್ಯದ ಬಗ್ಗೆ. ಆದರೆ ನಾಟಕದ ಕಾಯಿಲೆ ಇದ್ದದ್ದು ಆ ಮೂವತ್ತರ ಪುಟಗಳಲ್ಲೇ. ಅಲ್ಲಿ ದಣಿದ ಕೇಳುಗರು ಕೊನೆಯ ದೃಶ್ಯಕ್ಕೆ ಬರುವಷ್ಟರಲ್ಲಿ ತಾಳ್ಮೆ ಕಳೆದುಕೊಂಡಿದ್ದರು. ಜನ ಚರ್ಚೆಯಲ್ಲಿ ಸುಳ್ಳು ಹೇಳುವುದಿಲ್ಲ, ಆದರೆ ನೋವು ಇರುವ ಜಾಗ ಒಂದು, ಅವರು ಮುಟ್ಟಿ ತೋರಿಸುವ ಜಾಗ ಇನ್ನೊಂದು.

ಚರ್ಚೆಗೆ ಒಂದು ಕಟ್ಟುಪಾಡು ಇರಲೇಬೇಕು. ಹಿಂದೆ ಒಂದು ವಾಚನದ ನಂತರ ಹಿರಿಯ ಕೇಳುಗರೊಬ್ಬರು ಎದ್ದು ನಿಂತು, ಆ ನಾಟಕ ಹೇಗೆ ಮುಗಿಯಬೇಕಿತ್ತು ಎಂದು ಇಪ್ಪತ್ತು ನಿಮಿಷ ವಿವರಿಸಿದರು. ಚರ್ಚೆ ನಡೆಸುತ್ತಿದ್ದ ನಾನು ಅವರ ವಯಸ್ಸಿಗೆ ಗೌರವ ಕೊಟ್ಟು ತಡೆಯಲಿಲ್ಲ. ಇಪ್ಪತ್ತಾರು ವರ್ಷದ ಆ ಬರಹಗಾರ ಒಂದೇ ವಾರದಲ್ಲಿ ಅಂತ್ಯವನ್ನು ಅವರು ಹೇಳಿದಂತೆ ಬದಲಿಸಿದರು. ಪ್ರಯೋಗದಲ್ಲಿ ಆ ಅಂತ್ಯ ನಿಲ್ಲಲಿಲ್ಲ, ಹಳೆಯ ಅಂತ್ಯಕ್ಕೆ ಮರಳುವ ಧೈರ್ಯವೂ ಅವರಿಗೆ ಉಳಿದಿರಲಿಲ್ಲ. ಅಂದು ನಾನು ಮಾತು ತಡೆಯಬೇಕಿತ್ತು. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ ರೂಪಿಸಿದ ಕ್ರಮವೊಂದನ್ನು ಆ ಮೇಲೆ ನಾನು ಅನುಸರಿಸುತ್ತಿದ್ದೇನೆ. ಮೊದಲು ಕೇಳುಗರು ತಮಗೆ ಏನು ನೆನಪಿನಲ್ಲಿ ಉಳಿಯಿತು, ಏನು ತಟ್ಟಿತು ಎಂದು ಹೇಳುತ್ತಾರೆ. ಆಮೇಲೆ ನಾಟಕಕಾರರು ಕೇಳುಗರಿಗೆ ಪ್ರಶ್ನೆ ಹಾಕುತ್ತಾರೆ. ಅದಾದ ಮೇಲೆ ಕೇಳುಗರು ಪ್ರಶ್ನೆ ಕೇಳಬಹುದು, ಆದರೆ ಅದರೊಳಗೆ ತೀರ್ಪು ಅಡಗಿರಬಾರದು. ಕೊನೆಯಲ್ಲಿ, ನಾಟಕಕಾರರು ಒಪ್ಪಿದರೆ ಮಾತ್ರ, ಅಭಿಪ್ರಾಯ. ಈ ಕ್ರಮವನ್ನು ಪಾಲಿಸುವಿರಾ ಎಂದು ಉತ್ಸವದವರನ್ನು ಈಗಲೇ ಕೇಳಿ. ನಿಮ್ಮ ಪಾಲಿನ ಎರಡನೆಯ ಹಂತಕ್ಕೆ ಮೂರೇ ಪ್ರಶ್ನೆ ಸಿದ್ಧಮಾಡಿಕೊಳ್ಳಿ. ‘ಜಾಗ ಯಾರ ಹೆಸರಿನಲ್ಲಿದೆ ಎಂಬುದು ನಿಮಗೆ ಯಾವಾಗ ಗೊತ್ತಾಯಿತು?’ ಎಂಬಂಥ ಪ್ರಶ್ನೆಗೆ ಸಿಗುವ ಉತ್ತರ ಉಪಯೋಗಕ್ಕೆ ಬರುತ್ತದೆ, ‘ನಾಟಕ ಹೇಗಿತ್ತು?’ ಎಂಬುದಕ್ಕೆ ಸಿಗುವುದು ಶಿಷ್ಟಾಚಾರ ಮಾತ್ರ. ಅಂದು ರಾತ್ರಿ ಏನನ್ನೂ ತಿದ್ದಬೇಡಿ. ಎರಡು ವಾರ ಬಿಟ್ಟು ನೋಡಿದಾಗಲೂ ಯಾವ ಮಾತು ಚುಚ್ಚುತ್ತಿರುತ್ತದೋ ಅದನ್ನು ಮಾತ್ರ ಕೆಲಸಕ್ಕೆ ತೆಗೆದುಕೊಳ್ಳಿ.

ಈಗ ನಿಮ್ಮ ಮುಂದಿರುವ ದಾರಿಗಳು. ತಂಡದವರ ಮಾತಿಗೆ ಒಪ್ಪಿ ನೇರವಾಗಿ ರವೀಂದ್ರ ಕಲಾಕ್ಷೇತ್ರಕ್ಕೆ ಹೋದರೆ ನಾಟಕ ಬೇಗ ಜನರನ್ನು ಮುಟ್ಟುತ್ತದೆ, ವಾಚನ ಕೊಡಲಾರದ ಮೌನವೂ ಟೈಪ್‌ರೈಟರ್‌ಗಳೂ ನಿಮಗೆ ಸಿಗುತ್ತವೆ. ಅಪಾಯವೆಂದರೆ, ಸಭಾಂಗಣ ಬುಕ್ ಆಗಿ, ಸೆಟ್ಟಿಗೆ ಮರ ಬಂದು, ಕರಪತ್ರ ಅಚ್ಚಾದ ಮೇಲೆ ಎರಡನೆಯ ಅಂಕ ನಿಲ್ಲುವುದಿಲ್ಲ ಎಂದು ಗೊತ್ತಾದರೆ ತಿದ್ದುವುದಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ. ಆಗ ನಿರ್ದೇಶಕರು ಕತ್ತರಿ ಆಡಿಸುತ್ತಾರೆ, ಅದನ್ನು ತಪ್ಪೆನ್ನಲೂ ಆಗುವುದಿಲ್ಲ. ಅಲ್ಲದೆ ಇಬ್ಬರು ಹೆಂಗಸರು ಮೆಲುದನಿಯಲ್ಲಿ ಜಗಳವಾಡುವ ನಾಟಕಕ್ಕೆ ಅಷ್ಟು ದೊಡ್ಡ ಸಭಾಂಗಣ ಹೊಂದುವುದೇ ಎಂಬುದೂ ನನಗೆ ಅನುಮಾನ. ಪ್ರೇಕ್ಷಕರು ಮೂರು ಕಡೆಯಿಂದ ಹತ್ತಿರ ಕೂರುವ ರಂಗಶಂಕರದಂಥ ಜಾಗವೋ, ಹನುಮಂತನಗರದ ಕೆ.ಎಚ್. ಕಲಾಸೌಧವೋ ಇದಕ್ಕೆ ಹೆಚ್ಚು ಒಗ್ಗೀತು. ಇನ್ನೊಂದು ದಾರಿ, ಉತ್ಸವವನ್ನೂ ಬಿಟ್ಟು ಮನೆಯಲ್ಲಿ ಹತ್ತು ಗೆಳೆಯರನ್ನು ಸೇರಿಸಿ ಓದುವುದು. ಅಪಾಯವಿಲ್ಲ, ಆದರೆ ನಿಮ್ಮನ್ನು ಪ್ರೀತಿಸುವವರು ಕೆಮ್ಮುವುದೂ ಇಲ್ಲ.

ನಾನಾದರೆ ಉತ್ಸವದ ವಾಚನವನ್ನು ಒಪ್ಪಿಕೊಳ್ಳುತ್ತೇನೆ, ತಂಡವನ್ನೂ ಕಳೆದುಕೊಳ್ಳುವುದಿಲ್ಲ. ವಾಚನವಾದ ನಾಲ್ಕು ತಿಂಗಳ ಮೇಲಿನ ಒಂದು ದಿನಾಂಕವನ್ನು ತಂಡದವರಿಗೆ ಈಗಲೇ ಬರೆದು ತಿಳಿಸಿ, ಅವರ ನಿರ್ದೇಶಕರನ್ನು ವಾಚನಕ್ಕೆ ಕರೆಯಿರಿ, ಆ ದಿನಾಂಕದೊಳಗೆ ತಿದ್ದಿದ ಪ್ರತಿ ಕೊಡುವ ಹೊಣೆ ಹೊರಿರಿ. ಹಾಗೆ ದಿನಾಂಕವಿಲ್ಲದೆ ಹೋದರೆ ಇನ್ನೊಂದು ಉತ್ಸವ, ಇನ್ನೊಂದು ವಾಚನ, ಇನ್ನಷ್ಟು ಸಲಹೆಗಳು ಎಂದು ವರ್ಷಗಳು ಕಳೆಯುತ್ತವೆ. ನಾಲ್ಕು ಸಲ ಓದಿಸಿಕೊಂಡು ಒಮ್ಮೆಯೂ ಆಡದೆ ಉಳಿದ ನಾಟಕಗಳು ನನ್ನ ಕಪಾಟಿನಲ್ಲಿ ಹಲವಿವೆ. ಎರಡನೆಯ ವಾಚನ ಮಾಡುವುದೇ ಆದರೆ, ಮೊದಲನೆಯದರಲ್ಲಿ ಉತ್ತರ ಸಿಗದ ಒಂದು ನಿರ್ದಿಷ್ಟ ಪ್ರಶ್ನೆಗಾಗಿ ಮಾತ್ರ ಮಾಡಿ.

ಕೊನೆಯದಾಗಿ ಮೊದಲ ಸಂಜೆಯ ಬಗ್ಗೆ ಒಂದು ಮಾತು. ನಟರೊಬ್ಬರು ತಡವಾಗಿ ಬಂದರೆ, ‘ಮೇಡಂ, ಅಕ್ಕನ ಪಾತ್ರ ನೀವೇ ಓದಿಬಿಡಿ’ ಎಂದು ಯಾರಾದರೂ ಖಂಡಿತ ಕೇಳುತ್ತಾರೆ. ಒಪ್ಪಬೇಡಿ. ಅಲ್ಲಿದ್ದ ಬೇರೆ ಯಾರಾದರೂ ಓದಲಿ, ಎಷ್ಟೇ ತಪ್ಪಾಗಿ ಓದಿದರೂ ಸರಿ. ನೀವು ಕಣ್ಣನ್ನು ಹಸ್ತಪ್ರತಿಯಿಂದ ತೆಗೆದು, ಪೆನ್ನನ್ನು ಕೆಳಗಿಟ್ಟು, ಆ ಒಂದು ಸಲ ಬರೀ ಕೇಳಿಸಿಕೊಳ್ಳಿ. ಗುರುತು ಹಾಕುವುದನ್ನು ಎರಡನೆಯ ಸಂಜೆಯಿಂದ ಶುರುಮಾಡಿ.